ವಾಕಿಂಗೋ, ಯೋಗವೋ, ಬಸ್ಕಿಯೋ? ಅರವತ್ತು ದಾಟಿದವರು ಯಾವುದನ್ನು ಆರಿಸಬೇಕು

ಹೋದ ವರ್ಷ ಹಾವೇರಿ ಕಡೆ ಒಂದು ಮದುವೆಗೆ ಹೋಗಿದ್ದೆ. ಟೇಬಲ್ ಊಟವೂ ಇತ್ತು, ನೆಲದ ಪಂಕ್ತಿಯೂ ಇತ್ತು. ಹೋಳಿಗೆಯನ್ನು ಚಕ್ಕಳಮಕ್ಕಳ ಹಾಕಿ ಕೂತು ತಿಂದರೇ ಚಂದ ಅಂತ ನೆಲಕ್ಕೆ ಕೂತೆ. ಊಟ ಮುಗಿಯಿತು. ಏಳಲು ಹೋದರೆ ಏಳಲಿಕ್ಕೇ ಆಗಲಿಲ್ಲ. ಎಡಗೈ ಊರಿದೆ, ಬಲಗೈ ಊರಿದೆ, ಒಂದು ಮೊಣಕಾಲು ಮಡಚಿ ನೋಡಿದೆ. ಉಹುಂ. ಕೊನೆಗೆ ಬಡಿಸುವ ಹುಡುಗ ಸಾರಿನ ಬಕೆಟ್ ಕೆಳಗಿಟ್ಟು, "ಕೈ ಕೊಡ್ರಿ ಸರ" ಅಂದ.

ನನಗೆ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಬಂತು. ಯಾಕೆಂದರೆ ನಾನು ನಿವೃತ್ತಿಯಾದಾಗಿನಿಂದ, ಅಂದರೆ ಏಳು ವರ್ಷದಿಂದ, ದಿನಾ ಬೆಳಿಗ್ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ತಾಸು ನಡೆಯುವವನು. ಹೆಜ್ಜೆ ಎಣಿಸಿ ಮಗಳಿಗೆ ವಾಟ್ಸಾಪ್ ಕಳಿಸುವವನು. ಇಷ್ಟು ನಡೆದರೂ ನೆಲದಿಂದ ಏಳಲು ಆಗದಿದ್ದರೆ ಆ ನಡಿಗೆ ಏನು ಕೊಟ್ಟ ಹಾಗಾಯಿತು?

ಕೊಟ್ಟಿದ್ದು ಬಹಳ ಇದೆ. ಆದರೆ ಎಲ್ಲವನ್ನೂ ಕೊಡಲಿಲ್ಲ. ವಾಕಿಂಗ್, ಯೋಗ, ಸಾಮು (ಬಸ್ಕಿ, ಭಾರ ಎತ್ತುವಂಥ ಕಸರತ್ತು) ಮೂರೂ ಒಂದೇ ಅಲ್ಲ. ಒಂದರ ಕೆಲಸ ಇನ್ನೊಂದು ಪೂರ್ತಿ ಮಾಡುವುದಿಲ್ಲ. "ಯಾವುದು ಒಳ್ಳೆಯದು" ಅಂತ ಕೇಳುವುದಕ್ಕಿಂತ "ನನಗೆ ಯಾವುದು ಕಡಿಮೆ ಬಿದ್ದಿದೆ" ಅಂತ ಕೇಳಿಕೊಂಡರೆ ಆಯ್ಕೆ ಸಲೀಸಾಗುತ್ತದೆ. ಇದು ತಿಳಿಯಲು ನನಗೆ ಒಂದು ಮದುವೆ ಊಟ ಬೇಕಾಯಿತು.

ಮೊದಲು ಮನೆಯಲ್ಲೇ ಮೂರು ಪರೀಕ್ಷೆ

ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಒಂದು ಗಡಿಯಾರ ಸಾಕು. ಪಕ್ಕದಲ್ಲಿ ಯಾರಾದರೂ ಇರಲಿ.

ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅದರಲ್ಲಿ ಕೂತು ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಕೈ ಊರಿದರೆ ಲೆಕ್ಕ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಿರಿಯರ ಬೀಳುವ ಅಪಾಯ ಅಳೆಯಲು ಇದನ್ನೇ ಬಳಸುತ್ತದೆ. 65ರಿಂದ 69 ವಯಸ್ಸಿನ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಸರಾಸರಿಗಿಂತ ಕೆಳಗೆ ಅಂತ ಅರ್ಥ. 75ರಿಂದ 79ಕ್ಕೆ ಈ ಗಡಿ 11 ಮತ್ತು 10. ನನ್ನ ವಯಸ್ಸು 67. ನಾನು ಮಾಡಿದ್ದು 9.

ಎರಡನೆಯದು ಒಂಟಿ ಕಾಲಿನ ಮೇಲೆ 10 ಸೆಕೆಂಡ್ ನಿಲ್ಲುವುದು. ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಜನರಿಗೆ ಇದೇ ಪರೀಕ್ಷೆ ಮಾಡಿ, ಆಮೇಲೆ ವರ್ಷಗಟ್ಟಲೆ ಅವರನ್ನು ಗಮನಿಸಿದರು. ಸುಮಾರು ಐದರಲ್ಲಿ ಒಬ್ಬರಿಗೆ ನಿಲ್ಲಲು ಆಗಲಿಲ್ಲ. ನಿಲ್ಲಲಾಗದವರಲ್ಲಿ ಸಾವಿನ ಅಪಾಯ 84 ಶೇಕಡಾ ಹೆಚ್ಚು ಕಂಡಿತು ಅಂತ 2022ರಲ್ಲಿ ವರದಿ ಬಂತು. ಒಂಟಿ ಕಾಲಲ್ಲಿ ನಿಂತರೆ ಆಯುಷ್ಯ ಬೆಳೆಯುತ್ತದೆ ಅಂತ ಇದನ್ನು ಓದಬೇಡಿ. ಮೈಯೊಳಗೆ ಬೇರೇನೋ ಕುಂದಿದ್ದರೆ ಸಮತೋಲನದಲ್ಲಿ ಅದು ಮೊದಲೇ ಕಾಣುತ್ತದೆ, ಅಷ್ಟೇ. ನನ್ನ ಬಲಗಾಲು ಪಾಸು. ಎಡಗಾಲು 6 ಸೆಕೆಂಡಿಗೇ ಕೈಕೊಟ್ಟಿತು.

ಮೂರನೆಯದು ಉಸಿರು. ಬಿರುಸಾಗಿ ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಗಿದ್ದರೆ ವೇಗ ಸರಿಯಾಗಿದೆ. ಹಾಡೂ ಬಂದರೆ ಸುಮ್ನೆ ಅಡ್ಡಾಡುತ್ತಿದ್ದೀರಿ. ಮಾತೇ ಹೊರಡದಿದ್ದರೆ ಜಾಸ್ತಿಯಾಯಿತು. ನಮ್ಮ ಊರಿನಲ್ಲಿ ಈ ಪರೀಕ್ಷೆಗೆ ಒಂದು ತೊಡಕಿದೆ, ಇಲ್ಲಿ ಹಾಡುವವರು ಜಾಸ್ತಿ. 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ 2006ರಲ್ಲಿಯೂ ವೇದಿಕೆ ಹತ್ತಿ ಹಾಡಿದರು. ಅಂಥವರ ಉಸಿರಿಗೆ ಈ ಲೆಕ್ಕ ಹೊಂದುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದೂ ಇದೇ ಮೂರು ಮಾತು. ವಾರಕ್ಕೆ 150ರಿಂದ 300 ನಿಮಿಷ ಉಸಿರು ಏರುವ ಕೆಲಸ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಭಾರ. ವಾರಕ್ಕೆ 3 ದಿನವಾದರೂ ಸಮತೋಲನದ ಅಭ್ಯಾಸ. ನಾವು ಮೊದಲನೆಯದನ್ನು ಮಾತ್ರ ಓದಿ ಪುಸ್ತಕ ಮುಚ್ಚಿದ್ದೇವೆ.

ವಾಕಿಂಗ್: ಅಗ್ಗ, ಸುಲಭ, ಆದರೆ ಮಳೆಗಾಲದಲ್ಲಿ ರಜೆ

ನಡೆಯಲು ಜಾಗಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಇಂದಿರಾ ಗಾಜಿನ ಮನೆ, ನೃಪತುಂಗ ಬೆಟ್ಟ. ಧಾರವಾಡದವರಿಗೆ ಕೆಲಗೇರಿ ಕೆರೆ, ಸಾಧನಕೇರಿ, ವಿಶ್ವವಿದ್ಯಾಲಯದ ಆವರಣ. ಗದಗಿನಲ್ಲಿ ಭೀಷ್ಮ ಕೆರೆ, ಹಾವೇರಿಯಲ್ಲಿ ಹೆಗ್ಗೇರಿ ಕೆರೆ. ಇವುಗಳಲ್ಲಿ ಒಂದನ್ನು ಆರಿಸು ಅಂದರೆ, ಮೊಣಕಾಲು ಗಟ್ಟಿ ಇರುವವರಿಗೆ ನಾನು ನೃಪತುಂಗ ಬೆಟ್ಟವನ್ನೇ ಹೇಳುತ್ತೇನೆ. ಏರು ಹತ್ತುವಾಗ ತೊಡೆಗೂ ಕೆಲಸ ಬೀಳುತ್ತದೆ. ಮೊಣಕಾಲು ನೋವಿದ್ದವರಿಗೆ ಇಳಿಯುವಾಗಲೇ ಕಷ್ಟ, ಅವರಿಗೆ ಕೆರೆದಂಡೆಯ ಸಪಾಟು ದಾರಿ ಮೇಲು.

10,000 ಹೆಜ್ಜೆಯ ಹುಚ್ಚು ಬಿಡಿ. ಆ ಸಂಖ್ಯೆ ಹುಟ್ಟಿದ್ದು 1960ರ ದಶಕದಲ್ಲಿ, ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವುದಕ್ಕೆ. ಅದರ ಹೆಸರೇ "ಹತ್ತು ಸಾವಿರ ಹೆಜ್ಜೆಯ ಮೀಟರ್" ಅಂತಿತ್ತು. ಆಮೇಲೆ ಬಂದ ದೊಡ್ಡ ಅಧ್ಯಯನಗಳ ಪ್ರಕಾರ 60 ದಾಟಿದವರಿಗೆ ದಿನಕ್ಕೆ 6,000ರಿಂದ 8,000 ಹೆಜ್ಜೆಯ ಹೊತ್ತಿಗೆ ಲಾಭ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಾನು ಆರು ವರ್ಷ 10,000 ಆಗಲಿಲ್ಲ ಅಂತ ರಾತ್ರಿ ಹಾಲ್‌ನಲ್ಲಿ ಸುತ್ತು ಹಾಕಿದ್ದೇನೆ. ಆ ಹೊತ್ತಿನಲ್ಲಿ ನಾಲ್ಕು ಬಸ್ಕಿ ಹೊಡೆದಿದ್ದರೆ ಮದುವೆಯಲ್ಲಿ ಮಾನ ಉಳಿಯುತ್ತಿತ್ತು.

ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಹೊತ್ತು ಮುಖ್ಯ. ನ್ಯೂಜಿಲೆಂಡಿನಲ್ಲಿ ಎರಡನೇ ವಿಧದ ಮಧುಮೇಹದ 41 ಜನರಿಗೆ ಎರಡೂ ರೀತಿ ಮಾಡಿಸಿ ನೋಡಿದರು. ಒಂದು, ದಿನಕ್ಕೆ ಒಮ್ಮೆ 30 ನಿಮಿಷ ನಡೆಯುವುದು. ಇನ್ನೊಂದು, ಪ್ರತಿ ಊಟದ ನಂತರ 10 ನಿಮಿಷ. ಎರಡನೆಯದರಲ್ಲಿ ಊಟದ ನಂತರದ ಸಕ್ಕರೆ ಸರಾಸರಿ 12 ಶೇಕಡಾ ಕಡಿಮೆ ಇತ್ತು. ರಾತ್ರಿ ಊಟದ ನಂತರ ಇನ್ನೂ ಜಾಸ್ತಿ ವ್ಯತ್ಯಾಸ. ನಮ್ಮ ಕಡೆ ರಾತ್ರಿ ಉಂಡು ಅಂಗಳದಲ್ಲಿ ಶತಪಾವಲಿ, ಅಂದರೆ ನೂರು ಹೆಜ್ಜೆ, ಹಾಕುತ್ತಿದ್ದ ಹಿರಿಯರು ಬುದ್ಧಿವಂತರು ಅಲ್ವಾ? ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆ ತೆಗೆದುಕೊಳ್ಳುವವರು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬಹಳ ದೂರ ಹೋಗಬೇಡಿ. ಕಿಸೆಯಲ್ಲಿ ಎರಡು ಪೇಡೆ ಇರಲಿ. ಧಾರವಾಡದವರಿಗೆ ಇದು ಹೇಳಬೇಕಿಲ್ಲ.

ವಾಕಿಂಗಿನ ಸೋಲು ಎಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆ. ಕೆಂಪು ರಾಡಿಯಲ್ಲಿ ಜಾರಿ ಬಿದ್ದರೆ ವರ್ಷದ ಲಾಭವೆಲ್ಲ ಒಂದೇ ದಿನ ಹೋಗುತ್ತದೆ. ಗದಗಿನ ಏಪ್ರಿಲ್ ಬಿಸಿಲೂ ಅಷ್ಟೇ, ಎಂಟು ಗಂಟೆಯ ನಂತರ ಹೊರಗೆ ಕಾಲಿಡುವ ಹಾಗಿಲ್ಲ. ಅದರ ಜೊತೆ ನಾಯಿಗಳು. ಇನ್ನೊಂದು ಸೋಲನ್ನು ನಾನೇ ಅನುಭವಿಸಿದೆ: ಗಟ್ಟಿ ಕುರ್ಚಿಯಿಂದ, ನೆಲದಿಂದ ಏಳುವ ತಾಕತ್ತನ್ನು ಸಪಾಟು ನಡಿಗೆ ಕಾಪಾಡುವುದಿಲ್ಲ.

ಯೋಗ: ಗುರು ಸರಿ ಇದ್ದರೆ ಎಲ್ಲ ಸರಿ

2015ರಿಂದ ಜೂನ್ 21 ಬಂದರೆ ಊರಿಗೆ ಊರೇ ಚಾಪೆ ಹಾಸುತ್ತದೆ. ಮರುದಿನ ಚಾಪೆ ಮಂಚದ ಕೆಳಗೆ. ಆದರೂ ಪಾರ್ಕುಗಳಲ್ಲಿ ದಿನಾ ಬೆಳಿಗ್ಗೆ ನಡೆಯುವ ಗುಂಪುಗಳು ಇವೆ, ಬಹಳ ಕಡೆ ದುಡ್ಡೂ ಇಲ್ಲ.

ಯೋಗದ ದೊಡ್ಡ ಗುಣ ಮೂರು. ಕೀಲು ಸಡಿಲಾಗುತ್ತದೆ, ಸಮತೋಲನ ಸುಧಾರಿಸುತ್ತದೆ, ಮನಸ್ಸು ತಣ್ಣಗಾಗುತ್ತದೆ. ಮಳೆ ಬಂದರೂ ಮನೆಯೊಳಗೆ ನಡೆಯುತ್ತದೆ. ನೆಲಕ್ಕೆ ಕೂತು ಏಳುವುದೇ ಅದರಲ್ಲಿ ಅರ್ಧ ವ್ಯಾಯಾಮ. ನನ್ನ ಎಡಗಾಲಿನ ಸಮಸ್ಯೆಗೆ ವೃಕ್ಷಾಸನದಂಥ ಮದ್ದು ಇನ್ನೊಂದಿಲ್ಲ. ಮೊದಲು ಗೋಡೆ ಮುಟ್ಟಿ, ಆಮೇಲೆ ಒಂದು ಬೆರಳು ಮುಟ್ಟಿ, ಆಮೇಲೆ ಬಿಟ್ಟು.

ತಪ್ಪುವುದು ಎಲ್ಲಿ ಅಂದರೆ, ಇಪ್ಪತ್ತರ ಹುಡುಗರಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಪಾಠ ಹೇಳುವಾಗ. ಗ್ಲಾಕೋಮ ಇದ್ದವರು ಶೀರ್ಷಾಸನ ಮಾಡಲೇಬಾರದು, ತಲೆಕೆಳಗಾದಾಗ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮೂಳೆ ಸವೆದವರು ಬೆನ್ನು ಗೂನು ಮಾಡಿ ಮುಂದಕ್ಕೆ ಬಾಗುವ ಆಸನಗಳನ್ನು ಬಿಡಬೇಕು, ಬೆನ್ನುಮೂಳೆ ಕುಸಿಯುವ ಭಯ ಇರುತ್ತದೆ. ಬಿಪಿ ಇದ್ದವರು ಪ್ರಾಣಾಯಾಮದಲ್ಲಿ ಉಸಿರು ಬಿಗಿಹಿಡಿಯುವುದು ಬೇಡ. ಹೊಸ ಗುಂಪಿಗೆ ಸೇರುವ ಮುಂಚೆ ನಾನು ಒಂದೇ ಒಂದು ವಿಷಯ ನೋಡುತ್ತೇನೆ: ಗುರುಗಳು ಮೊದಲ ದಿನ ನಿಮ್ಮ ಕಾಯಿಲೆ ಏನೇನಿದೆ ಅಂತ ಕೇಳುತ್ತಾರೋ ಇಲ್ಲವೋ. ಕೇಳದಿದ್ದರೆ ನಮಸ್ಕಾರ ಮಾಡಿ ಬಂದುಬಿಡಿ.

ಬರೀ ಪ್ರಾಣಾಯಾಮ ಮಾಡಿ "ನಾನು ಯೋಗ ಮಾಡ್ತೀನಿ" ಅನ್ನುವವರು ಬಹಳ. ಅದು ಒಳ್ಳೆಯದೇ, ಆದರೆ ಅದರಿಂದ ತೊಡೆ ಗಟ್ಟಿಯಾಗುವುದಿಲ್ಲ.

ಸಾಮು: ನಮ್ಮದೇ ಆದರೂ ನಾವು ಮರೆತದ್ದು

ಜಿಮ್ ಅಂದರೆ ನಮ್ಮ ವಯಸ್ಸಿನವರು ಮೂಗು ಮುರಿಯುತ್ತಾರೆ. ಆದರೆ ಗರಡಿಮನೆಯ ಮಣ್ಣು ನೋಡದ ಊರು ಈ ಸೀಮೆಯಲ್ಲಿ ಎಲ್ಲಿದೆ? ಸಾಮು ತೆಗೆಯುವುದು, ಬಸ್ಕಿ ಹೊಡೆಯುವುದು, ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವುದು, ಜೋಳದ ಚೀಲ ಹೆಗಲಿಗೇರಿಸುವುದು. ಇಂಗ್ಲಿಷ್ ಹೆಸರಿಟ್ಟು ಈಗ ಡಾಕ್ಟರು ಹೇಳುತ್ತಿರುವುದು ಇದನ್ನೇ. ಗರಡಿಮನೆ ಹರೆಯದವರಿಗೆ ಅಂತ ನಾವು ಬಾಗಿಲು ಹಾಕಿಕೊಂಡೆವು. ನಿಜವಾಗಿ ಅದು ಬೇಕಾಗಿರುವುದು ನಮಗೆ.

ಕಾರಣ ಇಷ್ಟೇ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ, ಅರವತ್ತರ ನಂತರ ವೇಗ ಹೆಚ್ಚುತ್ತದೆ. ಸ್ನಾಯುವಿಗಿಂತ ಅದರ ಬಲ ಇನ್ನೂ ಬೇಗ ಹೋಗುತ್ತದೆ. ತೂಕದ ಯಂತ್ರದ ಮೇಲೆ ಇದು ಕಾಣುವುದಿಲ್ಲ, ಕರಗಿದ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ. ಪ್ಯಾಂಟು ಅದೇ, ಕಾಲು ಬೇರೆ.

ತಡವಾಯಿತು ಅನ್ನುವವರಿಗೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸುಮಾರು ತೊಂಬತ್ತು ವಯಸ್ಸಿನ 10 ಜನರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಪೂರ್ತಿ ಮುಗಿಸಿದ 9 ಜನರ ಬಲ ಸರಾಸರಿ 174 ಶೇಕಡಾ ಏರಿತ್ತು. ಅಂದರೆ ಮೊದಲು 10 ಕಿಲೋ ಎತ್ತುತ್ತಿದ್ದ ಕಾಲು 27 ಕಿಲೋ ಎತ್ತಿದ ಹಾಗೆ. ತೊಂಬತ್ತರಲ್ಲಿ!

ಇದನ್ನು ಓದಿ ನಾನು ಉತ್ಸಾಹದಿಂದ ಒಂದು ಜಿಮ್‌ಗೆ ಸೇರಿದೆ. ಹೆಸರು ಬೇಡ. ತರಬೇತಿ ಕೊಡುವ ಹುಡುಗನಿಗೆ ನನ್ನ ಮೊಮ್ಮಗನ ವಯಸ್ಸು ಇರಬಹುದು. ಮೊದಲ ದಿನವೇ ತಲೆಯ ಮೇಲೆ ಭಾರ ಎತ್ತಿಸಿದ. ಭುಜ ಹಿಡಿದುಕೊಂಡು ಎರಡು ತಿಂಗಳು ಅಂಗಿ ಹಾಕಲು ಹೆಂಡತಿಯ ಸಹಾಯ ಬೇಕಾಯಿತು. ಜಿಮ್ ತಪ್ಪಲ್ಲ, ನಮ್ಮ ವಯಸ್ಸು ತಿಳಿಯದವನ ಕೈಗೆ ಭುಜ ಕೊಟ್ಟಿದ್ದು ತಪ್ಪು.

ಆಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಜಿಮ್ ಹುಡುಗ, ಯೂಟ್ಯೂಬ್, ಫಿಸಿಯೋ ಮೂವರಲ್ಲಿ ಯಾರನ್ನು ನಂಬಬೇಕು ಅಂತ ಕೇಳಿದರೆ ನನ್ನ ಓಟು ಫಿಸಿಯೋಗೆ. ತಿಂಗಳುಗಟ್ಟಲೆ ಹೋಗಬೇಕಿಲ್ಲ. ಎರಡು ಮೂರು ಸಲ ಹೋಗಿ ನಿಮ್ಮ ಮೈಗೆ ಯಾವುದು ಬೇಕು, ಯಾವುದು ಬೇಡ ಅಂತ ಬರೆಸಿಕೊಂಡು ಬಂದರೆ ಸಾಕು. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ ಸರಕಾರಿ ಆಸ್ಪತ್ರೆ, ಈಗಿನ ಕೆಎಂಸಿಆರ್‌ಐ, ಇದೆ, ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿ ಫಿಸಿಯೋಥೆರಪಿ ಕಾಲೇಜೇ ಇದೆ.

ನನಗೆ ಅವರು ಬರೆದುಕೊಟ್ಟಿದ್ದರಲ್ಲಿ ದುಡ್ಡಿನ ಖರ್ಚು ಒಂದೂ ಇರಲಿಲ್ಲ. ಕುರ್ಚಿಯಿಂದ ನಿಧಾನ ಏಳುವುದು, ಅದಕ್ಕಿಂತ ನಿಧಾನ ಕೂರುವುದು. ಇದು ಮುದುಕರ ಬಸ್ಕಿ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ನೀರು ತುಂಬಿದ 1 ಲೀಟರ್ ಬಾಟಲಿ ಅಂದರೆ 1 ಕಿಲೋ ಭಾರ, ಎರಡು ಕೈಗೆ ಎರಡು. ಒಂದೊಂದನ್ನೂ 8ರಿಂದ 12 ಸಲ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಸಲೀಸಾಗಿ 12 ಬಂದರೆ ಭಾರ ಸ್ವಲ್ಪ ಏರಿಸಬೇಕು. ಏರಿಸದೆ ಹೋದರೆ ಅದು ಮತ್ತೆ ಸುಮ್ನೆ ಕೈ ಆಡಿಸಿದ ಹಾಗೆ. ಎತ್ತುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು. ಒಂದು ದಿನ ಮಾಡಿದರೆ ಮರುದಿನ ಬಿಡುವು.

"ಮೊಣಕಾಲು ನೋವು ಐತ್ರಿ, ಬಸ್ಕಿ ಹೆಂಗ ಹೊಡೀಲಿ" ಅಂತ ಬಹಳ ಜನ ಕೇಳುತ್ತಾರೆ. ಸವೆದ ಮೊಣಕಾಲಿಗೆ ತೊಡೆಯ ಸ್ನಾಯುವೇ ಆಸರೆ. ತೊಡೆ ಗಟ್ಟಿಯಾದಂತೆ ನೋವು ಇಳಿಯುತ್ತದೆ. ಪೂರ್ತಿ ಕೆಳಗೆ ಕೂರಬೇಡಿ, ಎತ್ತರದ ಕುರ್ಚಿಯಿಂದ ಶುರುಮಾಡಿ. ಅದೂ ಆಗದಿದ್ದರೆ ಕೂತಲ್ಲೇ ಕಾಲು ನೇರ ಚಾಚಿ ಐದು ಎಣಿಸಿ.

ಹೆಂಗಸರಿಗೆ ಇದು ಇನ್ನೂ ಜಾಸ್ತಿ ಬೇಕು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಭಾರ ಬಿದ್ದರೆ ಮಾತ್ರ ಮೂಳೆ ಗಟ್ಟಿ ಉಳಿಯುತ್ತದೆ. ನನ್ನ ಹೆಂಡತಿ ಮೊದಲು "ದಿನವಿಡೀ ಮನೆಗೆಲಸ ಮಾಡ್ತೀನಿ, ನನಗ್ಯಾಕೆ" ಅಂದಳು. ಕುರ್ಚಿ ಪರೀಕ್ಷೆ ಮಾಡಿಸಿದೆ. 10 ಬಂತು. ಹಿಂದೆ ಕೊಡದಲ್ಲಿ ನೀರು ಹೊತ್ತು, ಬೀಸುಕಲ್ಲು ತಿರುಗಿಸಿದವರ ಮನೆಗೆಲಸ ಬೇರೆ. ಈಗ ನಲ್ಲಿ, ಮಿಕ್ಸರ್, ವಾಷಿಂಗ್ ಮಷೀನ್ ಇರುವ ಮನೆಗೆಲಸ ಬೇರೆ. ಮರುದಿನದಿಂದ ಅವಳೂ ಬಾಟಲಿ ಹಿಡಿದಳು.

ತಟ್ಟೆಯ ಮಾತು

ಬಸ್ಕಿ ಹೊಡೆದು ಬರೀ ಅನ್ನ ಸಾರು ಉಂಡರೆ ಸ್ನಾಯು ಎಲ್ಲಿಂದ ಬರಬೇಕು? ವಯಸ್ಸಾದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ ತಜ್ಞರು. 60 ಕಿಲೋ ಇದ್ದವರಿಗೆ 60ರಿಂದ 72 ಗ್ರಾಂ. ಅನ್ನ, ಚಪಾತಿ, ರೊಟ್ಟಿಯಲ್ಲಿ ನನಗೆ ರೊಟ್ಟಿಯೇ ಮೇಲು. ಆದರೆ ಪ್ರೋಟೀನಿನ ವಿಷಯದಲ್ಲಿ ಗೆಲ್ಲಿಸುವುದು ರೊಟ್ಟಿಯಲ್ಲ, ಅದರ ಪಕ್ಕ ಇರುವುದು. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ. ಅಷ್ಟೇ ತೂಕದ ಹೆಸರುಕಾಳಿನಲ್ಲಿ, ಶೇಂಗಾದಲ್ಲಿ ಎರಡು ಪಟ್ಟಿಗೂ ಜಾಸ್ತಿ. ಒಂದು ತತ್ತಿಗೆ 6 ಗ್ರಾಂ. ಹಾಗಾಗಿ ರೊಟ್ಟಿ ಎರಡಕ್ಕೆ ನಿಲ್ಲಿಸಿ, ಕಾಳುಪಲ್ಲೆ ಇನ್ನೊಂದು ಸೌಟು ಹಾಕಿಸಿಕೊಳ್ಳಿ. ಮೊಸರು, ಶೇಂಗಾ ಹಿಂಡಿ ಜೊತೆಗಿರಲಿ. ಹಲ್ಲಿಲ್ಲದವರಿಗೆ ಕಟಕಟಿ ರೊಟ್ಟಿ ಬದಲು ಮೆತ್ತನೆಯ ಬಿಸಿ ರೊಟ್ಟಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.

ಉಳಿದವು ಬೇಗ ಬೇಗ

ಈಜು ಕೀಲುಗಳಿಗೆ ಬಹಳ ಒಳ್ಳೆಯದು, ಉಸಿರಿಗೂ ಒಳ್ಳೆಯದು. ಆದರೆ ನೀರು ನಮ್ಮ ಭಾರ ಹೊರುವುದರಿಂದ ಮೂಳೆಗೆ ಅಷ್ಟು ಲಾಭ ಇಲ್ಲ. ಸೈಕಲ್ ಧಾರವಾಡದ ಏರಿಳಿತಕ್ಕೆ ಚಲೋ ವ್ಯಾಯಾಮ, ಹುಬ್ಬಳ್ಳಿಯ ಟ್ರಾಫಿಕ್ಕಿಗೆ ಬೇಡ. ಮನೆಯೊಳಗಿನ ನಿಂತ ಸೈಕಲ್ ಆರು ತಿಂಗಳಲ್ಲಿ ಟವೆಲ್ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ, ನಮ್ಮ ಮನೆಯಲ್ಲಿ ಆಗಿದೆ. ಬ್ಯಾಡ್ಮಿಂಟನ್ ಮೊದಲಿನಿಂದ ಆಡುತ್ತಿದ್ದವರು ಆಡಿ, ಅರವತ್ತಕ್ಕೆ ಹೊಸದಾಗಿ ಶುರುಮಾಡುವುದು ಬೇಡ.

ಹಾಗಾದರೆ ಯಾರಿಗೆ ಯಾವುದು?

ಕುರ್ಚಿ ಪರೀಕ್ಷೆಯಲ್ಲಿ ಸೋತವರು ವಾಕಿಂಗ್ ಅರ್ಧ ಮಾಡಿ. ಉಳಿದ ಅರ್ಧ ತಾಸನ್ನು ವಾರಕ್ಕೆ ಎರಡು ಮೂರು ದಿನ ಸಾಮಿಗೆ ಕೊಡಿ. ಒಂಟಿ ಕಾಲಲ್ಲಿ ಸೋತವರಿಗೆ ಯೋಗ ಮೊದಲು. ಮೆಟ್ಟಿಲು ಹತ್ತುವಾಗ ಏದುಸಿರು ಬರುವವರಿಗೆ ವಾಕಿಂಗೇ ಸರಿ, ಆದರೆ ಅದಕ್ಕೂ ಮುಂಚೆ ಒಮ್ಮೆ ಹೃದಯ ತೋರಿಸಿಕೊಳ್ಳಿ. ನಡೆಯುವಾಗ ಎದೆ ಬಿಗಿಯುವುದು, ದವಡೆ ಅಥವಾ ಎಡಗೈಗೆ ನೋವು ಹರಿಯುವುದು, ಕಣ್ಣು ಕತ್ತಲೆ ಬರುವುದು, ಇವು ವಯಸ್ಸಿನ ಆಯಾಸ ಅಲ್ಲ. ಅಲ್ಲೇ ನಿಂತು ಸಹಾಯ ಕೇಳಿ.

ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿದ್ದವರು ಇದಾವುದನ್ನೂ ಓದಿ ತಾವಾಗಿಯೇ ಶುರುಮಾಡಬೇಡಿ. ಮೊದಲು ಬಚ್ಚಲಿಗೆ ಹಿಡಿಕೆ ಹಾಕಿಸಿ. ರಾತ್ರಿ ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯಲಿ. ನಿದ್ದೆ ಗುಳಿಗೆ, ಬಿಪಿ ಗುಳಿಗೆಗಳ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಹಾಸಿಗೆಯಿಂದ ದಡಕ್ಕನೆ ಎದ್ದಾಗ ಬಿಪಿ ಇಳಿದು ಬೀಳುವವರು ಎಷ್ಟೋ ಜನ. ಕಣ್ಣಿನ ಪೊರೆ ಇದ್ದರೆ ಮುಂದೂಡಬೇಡಿ. ಆಮೇಲೆ ಫಿಸಿಯೋ.

ಒಬ್ಬರೇ ಇರುವವರಿಗೆ ನನ್ನ ಲೆಕ್ಕ ಬೇರೆ. ಅವರಿಗೆ ಯಾವ ವ್ಯಾಯಾಮ ಅನ್ನುವುದಕ್ಕಿಂತ ಯಾರ ಜೊತೆ ಅನ್ನುವುದು ಮುಖ್ಯ. ಮನೆಯೊಳಗೆ ಒಬ್ಬರೇ ಬಾಟಲಿ ಎತ್ತುವುದು ಹದಿನೈದು ದಿನ ನಡೆಯುತ್ತದೆ. ಪಾರ್ಕಿನ ಗುಂಪಿಗೆ ಹೋಗದಿದ್ದರೆ ಮರುದಿನ ಯಾರಾದರೂ "ನಿನ್ನೆ ಯಾಕ ಬರಲಿಲ್ರಿ" ಅಂತ ಫೋನ್ ಮಾಡುತ್ತಾರೆ. ಆ ಫೋನಿಗೋಸ್ಕರವಾದರೂ ಹೋಗಬೇಕು.

ನನ್ನ ವಾರ ಈಗ ಹೀಗಿದೆ. ನಾಲ್ಕು ದಿನ ವಾಕಿಂಗ್, ಬಿರುಸಾಗಿ, ಮುಕ್ಕಾಲು ತಾಸು. ಮೂರು ದಿನ ಮನೆಯಲ್ಲಿ ಸಾಮು, ಹೆಂಡತಿ ಜೊತೆ, ಟಿವಿ ಸುದ್ದಿ ಬರುವಾಗ. ದಿನಾ ಹಲ್ಲುಜ್ಜುವಾಗ ಎಡಗಾಲಿನ ಮೇಲೆ. ಯೋಗಕ್ಕೆ ಮಳೆಗಾಲದ ನಾಲ್ಕು ತಿಂಗಳು. ಪರೀಕ್ಷೆ ಪ್ರತಿ ಅಮವಾಸ್ಯೆಗೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಕಪ್ಪು ಚುಕ್ಕೆ ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ. ಹೋದ ಅಮವಾಸ್ಯೆಗೆ ನಾನು ಕುರ್ಚಿಯಿಂದ 13 ಸಲ ಎದ್ದೆ, ಎಡಗಾಲಿನ ಮೇಲೆ 14 ಸೆಕೆಂಡ್ ನಿಂತೆ. ಹೆಂಡತಿ 15 ಸಲ ಎದ್ದಳು. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ.